ಅಪ್ಪನ ಜೀಪಿನ ಪುಟ ಹುಡುಕುತ್ತಾ ಆರ್‌ಟಿಒ ಕಚೇರಿಯೊಳಗೆ ಒಂದು ಸುತ್ತು

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪ 1994ರಲ್ಲಿ ಬ್ಯಾಂಕ್ ಸಾಲ ಮಾಡಿ ಹೊಸ ಜೀಪು ತೆಗೆದಿದ್ದರು. 2009ರಲ್ಲಿ 15 ವರ್ಷ ಮುಗಿದ ಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಲಿಲ್ಲ, ತೋಟದೊಳಗೇ ಓಡಿಸುತ್ತಿದ್ದರು. ಹೋದ ವರ್ಷ ಅಪ್ಪ ತೀರಿಕೊಂಡರು. ಜೀಪು ನನ್ನ ಹೆಸರಿಗೆ ಮಾಡಿಸೋಣ ಅಂತ ಆರ್‌ಟಿಒ ಕಚೇರಿಗೆ ಮೂರು ಸಲ ಹೋದೆ (ಯಾವ ಕಚೇರಿ ಅಂತ ಇಲ್ಲಿ ಬೇಡ). ಮೊದಲ ಸಲ ‘ಕಂಪ್ಯೂಟರ್‌ನಲ್ಲಿ ಈ ಗಾಡಿನೇ ಇಲ್ಲ’ ಅಂದರು. ಎರಡನೇ ಸಲ ‘ಇನ್ಸ್‌ಪೆಕ್ಟರ್ ಹೊರಗಡೆ ಹೋಗಿದ್ದಾರೆ’. ಮೂರನೇ ಸಲ ‘ಪ್ರಿಂಟರ್‌ಗೆ ಟೋನರ್ ಇಲ್ಲ’. ಇಷ್ಟೊಂದು ತೆರಿಗೆ ವಸೂಲಿ ಮಾಡುವ ಇಲಾಖೆಯಲ್ಲಿ ಒಂದು ಟೋನರ್‌ಗೆ ದುಡ್ಡಿಲ್ವಾ? ಒಳಗೆ ನಿಜವಾಗಿ ಏನು ನಡೆಯುತ್ತದೆ? ನಾನೀಗ ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ನಿಮಗೆ ಸಿಕ್ಕ ಮೂರು ಉತ್ತರಗಳೂ ಸುಳ್ಳಾಗಿರಬೇಕಿಲ್ಲ. ನಾನು ಇದೇ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ಮನೆಗೆ ಬಂದವನು, ಆ ಮೂರೂ ಮಾತನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ. ತಪ್ಪು ಇರುವುದು ಬೇರೆ ಕಡೆ. ‘ನಾಳೆ ಬನ್ನಿ’ ಅಂತ ಕಳಿಸುವಾಗ ನಿಮ್ಮ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಪುಟ ಸಿಗದೆ ನಿಂತಿದೆಯಾ, ಜನ ಇಲ್ಲದೆ ನಿಂತಿದೆಯಾ, ದುಡ್ಡಿಲ್ಲದೆ ನಿಂತಿದೆಯಾ? ಮೂರಕ್ಕೂ ಮದ್ದು ಬೇರೆ ಬೇರೆ. ಅದು ಗೊತ್ತಿಲ್ಲದೆ ಹತ್ತು ಸಲ ಹೋದರೂ ಕಿಟಕಿಯಲ್ಲಿ ಕೂತವರ ಮುಖ ನೋಡಿ ಬರುವುದೇ ಆಗುತ್ತದೆ.

ಇನ್ನೊಂದು ಗೊಂದಲ ಇಲ್ಲೇ ತೆಗೆದುಬಿಡೋಣ, ಯಾಕೆಂದರೆ ಪ್ರತಿ ಸಲ ಯಾರಾದರೂ ಇದನ್ನು ಕೇಳುತ್ತಾರೆ. ಸಾರಿಗೆ ಇಲಾಖೆ ಬೇರೆ, ಕೆಎಸ್‌ಆರ್‌ಟಿಸಿ ಬೇರೆ. ಮಡಿಕೇರಿ ಡಿಪೋ ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗಕ್ಕೆ ಸೇರಿದ್ದು. ಬಸ್ಸು, ಕಂಡಕ್ಟರು, ಟಿಕೆಟ್ ಎಲ್ಲ ನಿಗಮದ ಲೆಕ್ಕ. ಆರ್‌ಟಿಒ ಕಚೇರಿ ಸರ್ಕಾರದ ಇಲಾಖೆ. ಅದರ ಮೇಲೆ ವಿಭಾಗದ ಜಂಟಿ ಆಯುಕ್ತರು, ಅವರ ಮೇಲೆ ಬೆಂಗಳೂರು ಶಾಂತಿನಗರದಲ್ಲಿ ಸಾರಿಗೆ ಆಯುಕ್ತರು. ಮಂತ್ರಿ ಒಬ್ಬರೇ ಆದರೂ ಕೆಳಗೆ ಸಂಬಳ ಬೇರೆ, ಲೆಕ್ಕ ಬೇರೆ, ದಾಖಲೆ ಬೇರೆ.

ಈಗ ನಿಮ್ಮ ಜೀಪಿಗೆ ಬರೋಣ. ‘ಕಂಪ್ಯೂಟರ್‌ನಲ್ಲಿ ಗಾಡಿನೇ ಇಲ್ಲ’ ಅಂದರೆ ಜೀಪಿನ ದಾಖಲೆಯೇ ಇಲ್ಲ ಎಂದು ನೀವು ತಿಳಿದುಕೊಂಡಿರಿ ಅನ್ನಿಸುತ್ತದೆ. ಹಾಗಲ್ಲ. 1994ರಲ್ಲಿ ಗಾಡಿ ರಿಜಿಸ್ಟರ್ ಆದಾಗ ಒಂದು ದಪ್ಪ ಪುಸ್ತಕದಲ್ಲಿ ಅದಕ್ಕೆ ಜಾಗ ಕೊಟ್ಟಿರುತ್ತಾರೆ. ಇದಕ್ಕೆ ಕಚೇರಿಯಲ್ಲಿ ಎಲ್ಲರೂ ಬಿ ರಿಜಿಸ್ಟರ್ ಅನ್ನುತ್ತಾರೆ. ಕಾನೂನಿನ ಭಾಷೆಯಲ್ಲಿ ಅದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಫಾರ್ಮ್ 24. ನಿಮ್ಮ ಕೈಯಲ್ಲಿರುವ ಆರ್‌ಸಿ ಆ ಪುಟದ ನಕಲು ಅಷ್ಟೇ. ಆರ್‌ಸಿ ಒಂದು ಹೇಳಿ ರಿಜಿಸ್ಟರ್ ಇನ್ನೊಂದು ಹೇಳಿದರೆ ಕಚೇರಿ ನಂಬುವುದು ರಿಜಿಸ್ಟರನ್ನು.

ಆ ಪುಟ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ನೀವು ಬಿ ಎಕ್ಸ್‌ಟ್ರಾಕ್ಟ್, ಅಂದರೆ ಆ ಪುಟದ ಅಧಿಕೃತ ನಕಲು ತೆಗೆಸಿದಾಗ ಓದಲು ಅನುಕೂಲ. ಮೇಲೆ ನಂಬರು, ರಿಜಿಸ್ಟರ್ ಆದ ದಿನ. ಆಮೇಲೆ ಮಾಲೀಕರ ಹೆಸರು, ಅವರ ತಂದೆ ಹೆಸರು, ವಿಳಾಸ. ತಯಾರಿಸಿದ ಕಂಪನಿ, ವರ್ಷ, ಚಾಸಿ ನಂಬರು, ಎಂಜಿನ್ ನಂಬರು, ಸೀಟು, ಖಾಲಿ ಗಾಡಿಯ ತೂಕ. ಕೆಳಗೆ ಬಂದಂತೆ ಕತೆ ಶುರು. ಸಾಲ ಇದ್ದರೆ ಎಚ್‌ಪಿ (ಗಾಡಿ ಸಾಲಕ್ಕೆ ಅಡ ಇದೆ ಅನ್ನುವ ಗುರುತು) ಅಂತ ಬ್ಯಾಂಕಿನ ಹೆಸರು, ಹೆಚ್ಚಾಗಿ ಕೆಂಪು ಶಾಯಿಯಲ್ಲಿ. ತೆರಿಗೆ ಕಟ್ಟಿದ ಶರಾ. ಕೈ ಬದಲಾಗಿದ್ದರೆ ಹೊಸ ಮಾಲೀಕರ ಹೆಸರು. ಒಂದೊಂದರ ಪಕ್ಕ ಒಂದೊಂದು ಸಹಿ, ಒಂದೊಂದು ಬಣ್ಣದ ಶಾಯಿ, ಒಬ್ಬೊಬ್ಬ ಗುಮಾಸ್ತನ ಕೈಬರಹ. ಕೆಲವರ ಅಕ್ಷರ ಮುತ್ತಿನ ಹಾಗೆ. ಕೆಲವರದ್ದು ಓದಲು ಅವರನ್ನೇ ಕರೆಸಬೇಕು, ಅವರು ಎಂದೋ ರಿಟೈರ್ ಆಗಿರುತ್ತಾರೆ.

ಮುಂದೆ ವಾಹನ್ ಮತ್ತು ಸಾರಥಿ ತಂತ್ರಾಂಶ ಬಂತು. ಗಾಡಿಗಳಿಗೆ ವಾಹನ್, ಲೈಸೆನ್ಸ್‌ಗೆ ಸಾರಥಿ. ಎರಡನ್ನೂ ಮಾಡಿಕೊಟ್ಟಿದ್ದು ಕೇಂದ್ರದ ಎನ್‌ಐಸಿ. ಆಮೇಲೆ ಕೌಂಟರಿಗೆ ಬಂದ ಗಾಡಿಗಳೆಲ್ಲ ಒಂದೊಂದಾಗಿ ಕಂಪ್ಯೂಟರ್ ಸೇರಿದವು. ಮಾರಿದ್ದು, ಕೊಂಡಿದ್ದು, ಮರುನೋಂದಣಿಗೆ ಬಂದಿದ್ದು, ಎಲ್ಲ. ತೋಟದೊಳಗೇ ಉಳಿದು ಕಚೇರಿ ಮುಖ ನೋಡದ ಗಾಡಿಗಳು ಪುಸ್ತಕದಲ್ಲೇ ಉಳಿದವು. ಕೊಡಗಿನಲ್ಲಿ ಇಂಥ ಜೀಪು, ಟ್ರ್ಯಾಕ್ಟರು, ಹಳೇ ಬುಲೆಟ್‌ಗಳಿಗೆ ಕಡಿಮೆ ಇಲ್ಲ. ಲೈನ್‌ಮನೆಯಿಂದ ಕಣಕ್ಕೆ, ಕಣದಿಂದ ಗೋಡೌನ್‌ಗೆ ಓಡಿದ್ದೇ ಅವುಗಳ ಆಯಸ್ಸು. ನಿಮ್ಮ ಅಪ್ಪನ ಜೀಪೂ ಆ ಸಾಲಿನದೇ.

ಇಂಥದ್ದನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಕಿಟಕಿಯಲ್ಲಿ ಕೂತವರು ಟಪ್ ಅಂತ ಟೈಪ್ ಮಾಡಿ ಮುಗಿಸುವ ಕೆಲಸ ಅಲ್ಲ ಅದು. ರೆಕಾರ್ಡ್ ರೂಮಿನಿಂದ ಪುಸ್ತಕ ತೆಗೆಯಬೇಕು. ಕೇಸ್ ವರ್ಕರ್, ಅಂದರೆ ಕಡತ ನೋಡುವ ಗುಮಾಸ್ತ, ಪುಟ ನೋಡಿ ವಿವರ ತುಂಬಬೇಕು. ಇನ್ನೊಬ್ಬರು ಪುಸ್ತಕ ಇಟ್ಟುಕೊಂಡು ತಾಳೆ ನೋಡಬೇಕು. ಅಧಿಕಾರಿ ಒಪ್ಪಿಗೆ ಕೊಡಬೇಕು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್. ಇಷ್ಟು ಬಿಗಿ ಯಾಕೆ ಅಂದರೆ ಕದ್ದ ಗಾಡಿಗೆ ಹೊಸ ಜನ್ಮ ಕೊಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹಳೇ ನಂಬರು ಒಂದನ್ನು ಹಿಡಿದು, ಅದಕ್ಕೆ ಬೇರೆ ಚಾಸಿ ಸೇರಿಸಿ ಕಂಪ್ಯೂಟರಿಗೆ ಹತ್ತಿಸಿದರೆ ಮುಗಿಯಿತು, ಆಮೇಲೆ ಯಾರೂ ಪುಸ್ತಕ ತೆಗೆದು ನೋಡುವುದಿಲ್ಲ. ಹಾಗಾಗಿ ಬ್ಯಾಕ್‌ಲಾಗ್‌ಗೆ ಸಹಿ ಹಾಕುವವರಿಗೆ ಕೈ ನಡುಗುತ್ತದೆ. ನಡುಗಬೇಕು ಕೂಡ.

ರೆಕಾರ್ಡ್ ರೂಮ್ ಅಂದೆನಲ್ಲ, ಅದರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮೈದಾನದ ಜಿಲ್ಲೆಯಲ್ಲಿ ಕಾಗದಕ್ಕೆ ಶತ್ರು ಧೂಳು ಮತ್ತು ಗೆದ್ದಲು. ನಮ್ಮ ಕಡೆ ಮಳೆ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಕಳೆಯುವ ತನಕ ಬಿಡುವುದಿಲ್ಲ, ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಇನ್ನು ಪುಸ್ತಕದ ಗತಿ? ನಾನು ಕೆಲಸ ಮಾಡಿದ ಒಂದು ಮಲೆನಾಡಿನ ಕಚೇರಿಯಲ್ಲಿ ಕಬ್ಬಿಣದ ರ‍್ಯಾಕಿನ ಕೆಳಗಿನ ಸಾಲು ಗೋಡೆಗೆ ತಾಗಿಕೊಂಡಿತ್ತು. ಒಂದು ಮಳೆಗಾಲದಲ್ಲಿ ಗೋಡೆ ಒಸರಿ ಐದಾರು ರಿಜಿಸ್ಟರ್ ನೆನೆದುಬಿಟ್ಟವು. ಪುಟ ಪುಟ ಅಂಟಿಕೊಂಡು ಹಲಗೆಯ ಹಾಗಾಗಿತ್ತು. ಬಿಸಿಲು ಅನ್ನುವುದು ಇಲ್ಲವೇ ಇಲ್ಲ. ಮೇಜಿನ ಮೇಲೆ ಪುಸ್ತಕ ಬಿಡಿಸಿಟ್ಟು, ಮೇಲೆ 100 ವ್ಯಾಟಿನ ಬಲ್ಬ್ ಇಳಿಬಿಟ್ಟು, ಪುಟಗಳ ಮಧ್ಯೆ ಹಳೇ ಪೇಪರ್ ಇಟ್ಟು, ದಿನಕ್ಕೆ ನಾಲ್ಕು ಸಲ ಪೇಪರ್ ಬದಲಿಸುತ್ತಾ ಹದಿನೈದು ದಿನ ಒಣಗಿಸಿದೆವು. ಗ್ರೂಪ್ ಡಿ ನೌಕರರೊಬ್ಬರು ಅಮ್ಮ ಹಪ್ಪಳ ಒಣಗಿಸುವ ಹಾಗೆ ಅದರ ಮುಂದೆ ಕೂತಿದ್ದರು. ಬಹುಪಾಲು ಪುಟ ಉಳಿದವು. ಆದರೆ ಒಂದು ಟ್ರ್ಯಾಕ್ಟರ್ ಪುಟದಲ್ಲಿ ಚಾಸಿ ನಂಬರಿನ ಒಂದು ಅಂಕಿ 3ಆ 8ಆ ಗೊತ್ತಾಗದ ಹಾಗೆ ಶಾಯಿ ಕದಡಿತ್ತು. ಕೊನೆಗೆ ಇನ್ಸ್‌ಪೆಕ್ಟರ್ ಟ್ರ್ಯಾಕ್ಟರನ್ನೇ ತರಿಸಿ, ಸೀಮೆಎಣ್ಣೆಯಲ್ಲಿ ತುಕ್ಕು ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ತೀಡಿದರು. 8 ಮೂಡಿತು. ಆ ಕಾಗದದ ಚೂರನ್ನು ಕಡತಕ್ಕೆ ಅಂಟಿಸಿದ್ದೇನೆ, ಈಗಲೂ ಇರಬೇಕು.

ಎಷ್ಟು ವರ್ಷ ಇಡಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಸರ್ಕಾರಿ ಕಚೇರಿಯಲ್ಲಿ ಕಡತ ಮುಗಿದ ಮೇಲೆ ಅದಕ್ಕೆ ಎ, ಬಿ, ಸಿ, ಡಿ, ಇ ಅಂತ ಒಂದು ಅಕ್ಷರ ಕೊಡುತ್ತಾರೆ. ಎ ಅಂದರೆ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ ಒಂದೇ ವರ್ಷ. (ಬಿ ರಿಜಿಸ್ಟರ್‌ನ ಬಿಗೂ ಈ ಬಿಗೂ ಸಂಬಂಧ ಇಲ್ಲ, ಗೊಂದಲ ಮಾಡಿಕೊಳ್ಳಬೇಡಿ.) ಅಕ್ಷರ ಹಾಕುವುದು ಸುಲಭ. ಅವಧಿ ಮುಗಿದದ್ದನ್ನು ಆರಿಸಿ, ಪಟ್ಟಿ ಮಾಡಿ, ಒಪ್ಪಿಗೆ ಪಡೆದು ನಾಶ ಮಾಡುವುದು ಯಾರಿಗೂ ಬೇಡದ ಕೆಲಸ. ತಪ್ಪಿ ಬೇಕಾದ್ದು ಹೋದರೆ ಯಾರ ತಲೆಗೆ? ಹಾಗಾಗಿ ಬೇಕಾದ್ದು, ಬೇಡದ್ದು ಎಲ್ಲ ಒಂದೇ ರೂಮಿನಲ್ಲಿ. ಜೊತೆಗೆ ಮುರಿದ ಕುರ್ಚಿಗಳು. ಮುರಿದ ಕುರ್ಚಿಯೂ ಸ್ಟಾಕ್ ರಿಜಿಸ್ಟರ್‌ನಲ್ಲಿ ಇರುತ್ತದೆ ನೋಡಿ, ಅದನ್ನು ಕಂಡಮ್ ಮಾಡಿ ಹರಾಜು ಹಾಕುವ ತನಕ ಬಿಸಾಡುವಂತಿಲ್ಲ. ನಿಮ್ಮ ಜೀಪಿನ ಪುಟ ಸಿಗಲು ತಡವಾದರೆ ಅದರ ಮುಂದೆ ನಾಲ್ಕು ಕುರ್ಚಿ ಅಡ್ಡ ಇದ್ದಿರಲೂಬಹುದು, ತಮಾಷೆ ಅಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಮನೆ ಜೊತೆ ಮನೆಯ ಕಾಗದಪತ್ರವೂ ಹೋಯಿತಲ್ಲ, ಆಗ ಈ ಹಳೇ ಪುಸ್ತಕಗಳ ಬೆಲೆ ನನಗೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಮನೆಯಲ್ಲಿದ್ದ ಆರ್‌ಸಿ ಮಣ್ಣು ಸೇರಿದರೂ ಕಚೇರಿಯಲ್ಲಿ ಪುಟ ಇದ್ದರೆ ಡೂಪ್ಲಿಕೇಟ್ ಸಿಗುತ್ತದೆ. ನಿಮ್ಮ ಜೀಪು ಕಂಪ್ಯೂಟರಿಗೆ ಹತ್ತಿದ ದಿನವೇ ಡಿಜಿಲಾಕರ್‌ನಲ್ಲಿ ಆರ್‌ಸಿ ಇಳಿಸಿಕೊಳ್ಳಿ, ಪೊಲೀಸರು ಕೇಳಿದರೆ ಅದನ್ನು ತೋರಿಸಿದರೂ ನಡೆಯುತ್ತದೆ.

ಇನ್ನು ಇನ್ಸ್‌ಪೆಕ್ಟರ್ ವಿಷಯ. ಮೋಟಾರು ವಾಹನ ನಿರೀಕ್ಷಕರು ಅಂದರೆ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಓದಿ ಕೆಪಿಎಸ್‌ಸಿ ಮೂಲಕ ಬಂದವರು. ಗುಮಾಸ್ತರ ಕೆಲಸ ಅವರು ಮಾಡಬಹುದು, ಅವರ ಕೆಲಸ ಗುಮಾಸ್ತರು ಮಾಡುವಂತಿಲ್ಲ. ಗಾಡಿ ಮುಟ್ಟಿ ನೋಡಿ ಸಹಿ ಹಾಕುವ ಅಧಿಕಾರ ಅವರದ್ದೇ. ಬೆಳಿಗ್ಗೆ ಡ್ರೈವಿಂಗ್ ಟೆಸ್ಟ್. ಆಮೇಲೆ ಲಾರಿ, ಬಸ್ಸು, ಆಟೋ, ಟ್ಯಾಕ್ಸಿಗಳ ಎಫ್‌ಸಿ. ಮಧ್ಯೆ ರಸ್ತೆ ತಪಾಸಣೆ. ಯಾವುದಾದರೂ ತಾಲೂಕಿನಲ್ಲಿ ಕ್ಯಾಂಪ್ ಇದ್ದರೆ ಅಲ್ಲಿಗೆ. ಇದರ ಮೇಲೆ ಅಪಘಾತ. ಅಪಘಾತವಾದ ಗಾಡಿಯನ್ನು ಪೊಲೀಸರು ಕೇಳಿಕೊಂಡಾಗ ನೋಡಿ, ಬ್ರೇಕ್ ಸರಿ ಇತ್ತಾ ಇಲ್ವಾ ಅಂತ ಐಎಂವಿ ರಿಪೋರ್ಟ್ ಕೊಡಬೇಕು. ಅದಿಲ್ಲದೆ ಪೊಲೀಸರ ಕೇಸೂ ಮುಂದೆ ಹೋಗುವುದಿಲ್ಲ, ವಿಮೆ ಹಣವೂ ಬರುವುದಿಲ್ಲ. ಕೊಡಗಿನ ನಕಾಶೆ ಒಮ್ಮೆ ನೋಡಿ. ಒಂದು ತುದಿಗೆ ಕುಟ್ಟ, ಇನ್ನೊಂದು ತುದಿಗೆ ಕರಿಕೆ, ಮತ್ತೊಂದು ಕಡೆ ಮಾಕುಟ್ಟ ಘಾಟಿ. ಮೂರೂ ಕೇರಳದ ಗಡಿ. ಮಡಿಕೇರಿಯಿಂದ ಎಲ್ಲಿಗೆ ಹೊರಟರೂ ತಿರುವಿನ ದಾರಿ. ಒಂದು ಗಾಡಿ ನೋಡಿ ಬರಲು ಹೋದರೆ ಆ ದಿನ ಮುಗಿಯಿತು ಅಂತಲೇ ಲೆಕ್ಕ. ಹಾಗಾಗಿ ‘ಹೊರಗಡೆ ಹೋಗಿದ್ದಾರೆ’ ಅನ್ನುವ ಮಾತನ್ನು ಪೂರ್ತಿ ಅನುಮಾನಿಸಬೇಡಿ.

ಪೂರ್ತಿ ನಂಬಲೂ ಬೇಡಿ. ಪ್ರತಿ ಕಚೇರಿಯಲ್ಲೂ ಚಲನವಲನ ವಹಿ ಅಂತ ಒಂದು ಪುಸ್ತಕ ಇರಬೇಕು. ಯಾರು ಎಷ್ಟು ಗಂಟೆಗೆ ಎಲ್ಲಿಗೆ ಯಾವ ಕೆಲಸಕ್ಕೆ ಹೋದರು ಅಂತ ಬರೆದೇ ಹೊರಡಬೇಕು. ಇಲಾಖೆ ಜೀಪಿನಲ್ಲಿ ಹೋಗಿದ್ದರೆ ಲಾಗ್ ಬುಕ್‌ನಲ್ಲಿ ಹೊರಟ ಕಿಲೋಮೀಟರ್, ಬಂದ ಕಿಲೋಮೀಟರ್, ಕಾರಣ, ಸಹಿ. ಅದರ ಪಕ್ಕದಲ್ಲೇ ನಗದು ಘೋಷಣಾ ವಹಿ. ಬೆಳಿಗ್ಗೆ ಬಂದ ಕೂಡಲೇ ಜೇಬಿನಲ್ಲಿರುವ ಸ್ವಂತ ದುಡ್ಡು ಎಷ್ಟು ಅಂತ ಬರೆದು ಸಹಿ ಹಾಕಬೇಕು. ಸಂಜೆ ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ. ಲೋಕಾಯುಕ್ತದವರು ಬಾಗಿಲು ಹಾಕಿಸಿದರೆ ಮೊದಲು ಕೇಳುವುದೇ ಈ ಪುಸ್ತಕವನ್ನು. ನಾನು ಸೂಪರಿಂಟೆಂಡೆಂಟ್ ಆಗಿದ್ದಾಗ ಅದನ್ನು ಬಾಗಿಲ ಪಕ್ಕದ ಮೇಜಿನಲ್ಲಿ ಇಟ್ಟಿದ್ದೆ, ಹಾಜರಿ ಪುಸ್ತಕಕ್ಕಿಂತ ಮೊದಲು ಕೈಗೆ ಸಿಗಲಿ ಅಂತ. ಕೆಲವರಿಗೆ ನನ್ನ ಮೇಲೆ ಮುನಿಸೂ ಇತ್ತು.

ಜನ ಸಾಲದು ಅನ್ನುವುದು ಹಳೇ ಹಾಡು, ಆದರೆ ಸುಳ್ಳಲ್ಲ. ಖಾಲಿ ಹುದ್ದೆ ಇದ್ದರೆ ಆ ಕೆಲಸ ಇನ್ನೊಬ್ಬರ ‘ಪ್ರಭಾರ’ದಲ್ಲಿ ನಡೆಯುತ್ತದೆ. ಒಬ್ಬ ಕೇಸ್ ವರ್ಕರ್ ಹತ್ತಿರ ಎರಡು ಸೆಕ್ಷನ್. ವಾರದಲ್ಲಿ ಎರಡು ದಿನ ಮಾತ್ರ ಸಿಗುವ ಅಧಿಕಾರಿ. ಬೇರೆ ಕಡೆಯಿಂದ ವರ್ಗವಾಗಿ ಬಂದವರು ಮೊದಲ ಮಳೆಗಾಲ ನೋಡಿದ ಕೂಡಲೇ ವಾಪಸ್ ಹೋಗುವ ಅರ್ಜಿ ಬರೆಯಲು ಶುರು ಮಾಡುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವರ್ಗವಾದಾಗ ಕೈಯಲ್ಲಿದ್ದ ಕಡತ, ಬೀಗದ ಕೈ, ರಿಜಿಸ್ಟರ್ ಎಲ್ಲ ಪಟ್ಟಿ ಮಾಡಿ ಮುಂದಿನವರಿಗೆ ಒಪ್ಪಿಸಿ, ಸಿಟಿಸಿಗೆ (ಅಧಿಕಾರ ಹಸ್ತಾಂತರದ ಪತ್ರ) ಇಬ್ಬರೂ ಸಹಿ ಹಾಕಬೇಕು. ಈ ಪಟ್ಟಿ ಸರಿಯಾಗಿ ಆಗದಿದ್ದರೆ ನಿಮ್ಮ ಅರ್ಜಿ ಯಾವುದೋ ಡ್ರಾಯರ್‌ನಲ್ಲಿ ಮಲಗಿಬಿಡುತ್ತದೆ. ಹೊಸಬರಿಗೆ ಲಾಗಿನ್ ಬರುವ ತನಕ ವಾಹನ್‌ನಲ್ಲಿ ಆ ಹಂತದ ಎಲ್ಲ ಅರ್ಜಿಗಳೂ ಅಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಕಾಗದದ ಕಾಲದಲ್ಲಿ ಪಕ್ಕದವರು ‘ಪರವಾಗಿ’ ಅಂತ ಸಹಿ ಹಾಕಿ ದಾಟಿಸುತ್ತಿದ್ದರು. ಈಗ ಹಾಗೆ ಆಗುವುದಿಲ್ಲ. ಒಳ್ಳೆಯದೇ ಆಯಿತು ಅನ್ನುತ್ತೇನೆ, ನಿಮಗೆ ತೊಂದರೆ ಆದರೂ.

ರಜೆ ಪಟ್ಟಿಯನ್ನೂ ನೋಡಿಕೊಂಡು ಹೋಗಿ. ಕೈಲ್ ಪೊಳ್ದ್, ತುಲಾ ಸಂಕ್ರಮಣ, ಹುತ್ತರಿ, ಈ ಮೂರಕ್ಕೆ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಇರುತ್ತದೆ. ಬೆಂಗಳೂರಲ್ಲಿ ಕೂತ ಮಗ ‘ಇವತ್ತು ರಜೆ ಇಲ್ಲಪ್ಪ’ ಅಂತ ಫೋನಲ್ಲಿ ಹೇಳಿ ಅಪ್ಪನನ್ನು ಕಳಿಸಿ, ಅಪ್ಪ ಬೀಗ ನೋಡಿ ಬಂದದ್ದೂ ಇದೆ.

ಈಗ ನಿಮ್ಮ ಟೋನರ್ ಪ್ರಶ್ನೆ. ಕೇಳಿದ್ದು ಒಳ್ಳೆಯದಾಯಿತು, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಸರ್ಕಾರದ ಲೆಕ್ಕದಲ್ಲಿ ಎರಡು ನಂಬರು ನೆನಪಿಡಿ. 0041 ಮತ್ತು 2041. ವಾಹನ ತೆರಿಗೆ ಜಮೆ ಆಗುವ ಲೆಕ್ಕಶೀರ್ಷಿಕೆ 0041. ನೀವು ಕಟ್ಟುವ ತೆರಿಗೆ ಖಜಾನೆ ಮೂಲಕ ನೇರ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಕಚೇರಿಯ ಖರ್ಚು ಬರುವುದು 2041ರಿಂದ, ಅದೂ ವಿಧಾನಮಂಡಲ ಒಪ್ಪಿ, ಹಣಕಾಸು ಇಲಾಖೆ ಬಿಟ್ಟು, ಆಯುಕ್ತರ ಕಚೇರಿ ಹಂಚಿದ ಮೇಲೆ. ಎರಡರ ಮಧ್ಯೆ ಓಣಿ ಇಲ್ಲ. ಕೌಂಟರಿನಲ್ಲಿ ಬೆಳಿಗ್ಗೆ ಲಕ್ಷಗಟ್ಟಲೆ ಬಂದಿದ್ದರೂ ಅದರಿಂದ ಒಂದು ಗುಂಡುಪಿನ್ನು ಕೊಳ್ಳುವ ಹಾಗಿಲ್ಲ. ಕೊಂಡರೆ ಅದು ಹಣ ದುರುಪಯೋಗ, ನೌಕರಿಗೇ ಸಂಚಕಾರ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಆದರೆ ಬಂದ ದುಡ್ಡನ್ನು ಅಲ್ಲೇ ಖರ್ಚು ಮಾಡಲು ಬಿಟ್ಟರೆ ಏನಾಗುತ್ತದೆ ಅಂತ ಸ್ವಲ್ಪ ಯೋಚಿಸಿ.

ಆ 2041ರ ಒಳಗೂ ಡಬ್ಬಿ ಡಬ್ಬಿ. ಸಂಬಳದ್ದು ಬೇರೆ, ಪ್ರಯಾಣ ವೆಚ್ಚ ಬೇರೆ, ಜೀಪಿನ ಡೀಸೆಲ್ಲು ಟೈರಿಗೆ ಸಾರಿಗೆ ವೆಚ್ಚ ಬೇರೆ, ಟೋನರು, ಕಾಗದ, ಫೋನ್ ಬಿಲ್ಲಿಗೆ ಸಾಮಾನ್ಯ ವೆಚ್ಚ ಬೇರೆ. ಒಂದು ಡಬ್ಬಿಯಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಸುರಿಯಲು ಕಚೇರಿಗೆ ಅಧಿಕಾರ ಇಲ್ಲ. ಜೀಪಿಗೆ ಟೈರ್ ಹಾಕಲು ದುಡ್ಡಿದೆ, ಟೋನರ್‌ಗೆ ಇಲ್ಲ, ಇಂಥ ಸ್ಥಿತಿ ನಿಜವಾಗಿಯೂ ಬರುತ್ತದೆ. ಸಾಮಾನ್ಯ ವೆಚ್ಚದ ಕಂತು ತಡವಾಗಿ ಬಂದರೆ ಮಧ್ಯದಲ್ಲಿ ಒಣ ತಿಂಗಳು. ಮಾರ್ಚ್ ಬಂದರೆ ಉಲ್ಟಾ. 31ನೇ ತಾರೀಕಿನೊಳಗೆ ಖರ್ಚಾಗದ ಹಣ ವಾಪಸ್, ಹಾಗಾಗಿ ಎಲ್ಲರೂ ಬಿಲ್ಲು ಹಿಡಿದು ಖಜಾನೆಗೆ ಓಟ. ಬಿಲ್ ಮಾಡುವ ಅಧಿಕಾರ ಡಿಡಿಒ (ಖಜಾನೆಯಿಂದ ಹಣ ತೆಗೆದು ಬಟವಾಡೆ ಮಾಡುವ ಅಧಿಕಾರಿ) ಒಬ್ಬರಿಗೆ, ಹೋಗುವುದು ಖಜಾನೆ-2 ತಂತ್ರಾಂಶದಲ್ಲಿ. ಡಿಡಿಒ ರಜೆ ಹಾಕಿದರೆ ಅಥವಾ ವರ್ಗವಾದರೆ ಟೋನರ್ ಅಂಗಡಿಯವನ ಬಿಲ್ಲೂ ಕಾಯುತ್ತದೆ. ಎರಡು ಬಿಲ್ ಬಾಕಿ ಇದ್ದರೆ ಮೂರನೇ ಟೋನರ್ ಅವನು ಕೊಡುವುದಿಲ್ಲ. ನಿಮಗೆ ‘ಟೋನರ್ ಇಲ್ಲ’ ಅಂದದ್ದರ ಹಿಂದೆ ಹೆಚ್ಚಾಗಿ ಇರುವುದು ಇಷ್ಟೇ. ಆದರೂ ಒಂದು ಹೇಳುತ್ತೇನೆ. ಒಂದು ಹಾಳೆ ಪ್ರಿಂಟ್ ಮಾಡಲು ಮನಸ್ಸಿದ್ದರೆ ಪಕ್ಕದ ಸೆಕ್ಷನ್‌ನ ಪ್ರಿಂಟರ್ ಇದ್ದೇ ಇರುತ್ತದೆ. ಆ ಮಟ್ಟಿಗೆ ನಿಮ್ಮ ಸಿಟ್ಟು ನ್ಯಾಯವೇ.

ಇಲಾಖೆಯ ಗಾಡಿಗಳ ಕತೆಯೂ ಇಲ್ಲೇ ಹೇಳಿಬಿಡುತ್ತೇನೆ, ನಗು ಬರುತ್ತದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ಆಗುವುದಿಲ್ಲ, ಗುಜರಿಗೇ ಹೋಗಬೇಕು. ನಂಬರ್ ಪ್ಲೇಟಿನಲ್ಲಿ ಜಿ ಇರುವ ಜೀಪುಗಳಿವೆಯಲ್ಲ, ಅವು. ನಿಮ್ಮ 1994ರ ಜೀಪಿಗೆ ಇನ್ನೂ ಅವಕಾಶ ಇದೆ, ಅದನ್ನು ಪರೀಕ್ಷೆ ಮಾಡಲು ಬರುವ ಅಧಿಕಾರಿಯ ಜೀಪಿಗೆ ಇಲ್ಲ!

ಸರಿ, ಈಗ ನೀವು ಮಾಡಬೇಕಾದ್ದು. ಬಾಯಿಮಾತಿನಲ್ಲಿ ಏನೂ ಕೇಳಬೇಡಿ. ‘ನನ್ನ ತಂದೆಯ ಹೆಸರಿನ ಈ ನಂಬರಿನ ಗಾಡಿಯ ಬಿ ಎಕ್ಸ್‌ಟ್ರಾಕ್ಟ್ ಕೊಡಿ, ವಾಹನ್‌ನಲ್ಲಿ ಇಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿ’ ಅಂತ ಎರಡೇ ಸಾಲಿನ ಅರ್ಜಿ ಬರೆಯಿರಿ. ಆರ್‌ಸಿ ನಕಲು, ಅಪ್ಪನ ಮರಣ ಪ್ರಮಾಣಪತ್ರದ ನಕಲು ಇಡಿ. ತಪಾಲು ಸೆಕ್ಷನ್‌ನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳಿ. ಆ ನಂಬರಿದ್ದರೆ ಅರ್ಜಿ ‘ಕೇಸ್’ ಆಗುತ್ತದೆ. ಅಲ್ಲಿಯ ತನಕ ನೀವು ಬಂದದ್ದೂ ಹೋದದ್ದೂ ಯಾವ ಪುಸ್ತಕದಲ್ಲೂ ಇಲ್ಲ.

ಬಿ ಎಕ್ಸ್‌ಟ್ರಾಕ್ಟ್ ಕೈಗೆ ಬಂದ ಕೂಡಲೇ ಎಚ್‌ಪಿ ಕಾಲಂ ನೋಡಿ. ಸಾಲ ಎಂದೋ ತೀರಿರುತ್ತದೆ, ಆದರೆ ರಿಜಿಸ್ಟರ್‌ನಲ್ಲಿ ಹೊಡೆದುಹಾಕಿಸಿರುವುದಿಲ್ಲ. ಫಾರ್ಮ್ 35ಕ್ಕೆ ಬ್ಯಾಂಕಿನ ಸಹಿ, ಜೊತೆಗೆ ಎನ್‌ಒಸಿ ಬೇಕು. ತಮಾಷೆ ಶುರುವಾಗುವುದು ಇಲ್ಲಿ, ಆ ಬ್ಯಾಂಕೇ ಈಗ ಇರುವುದಿಲ್ಲ. ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಒಳಗೆ ಸೇರಿತು, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ಹಳೇ ಬ್ಯಾಂಕ್ ಯಾವುದರೊಳಗೆ ಹೋಗಿದೆಯೋ ಆ ಶಾಖೆಗೆ ಹೋಗಿ. ಅವರಿಗೂ 1994ರ ಸಾಲದ ಲೆಡ್ಜರ್ ಹುಡುಕಬೇಕು, ಅವರದ್ದೂ ಒಂದು ರೆಕಾರ್ಡ್ ರೂಮ್ ಇರುತ್ತದೆ! ಅಪ್ಪನ ಹಳೇ ಟ್ರಂಕಿನಲ್ಲಿ ಸಾಲ ತೀರಿದ ಚೀಟಿ ಸಿಕ್ಕರೆ ನೀವು ಅರ್ಧ ಗೆದ್ದ ಹಾಗೆ.

ಹೆಸರು ಬದಲಾವಣೆಗೆ ಫಾರ್ಮ್ 31, ಅಂದರೆ ಮಾಲೀಕರು ತೀರಿಕೊಂಡಾಗ ವಾರಸುದಾರರು ಕೊಡುವ ಅರ್ಜಿ. ನಿಯಮದ ಪ್ರಕಾರ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ತಡವಾಗಿದೆ, ದಂಡ ಕಟ್ಟಬೇಕಾಗಬಹುದು, ಅದಕ್ಕೆ ಹೆದರಬೇಡಿ. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ. ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ‘ನಮ್ಮ ತಕರಾರಿಲ್ಲ’ ಅಂತ ಅಫಿಡವಿಟ್ ಬರೆಸಿ. ಒಬ್ಬರದ್ದು ಬಿಟ್ಟರೂ ಕಡತ ವಾಪಸ್ ಬರುತ್ತದೆ, ಆಗ ಕಚೇರಿಯನ್ನು ಬೈದು ಪ್ರಯೋಜನ ಇಲ್ಲ.

ನೀವು ಎಫ್‌ಸಿ ಅಂದದ್ದು ನಿಜವಾಗಿ ಎಫ್‌ಸಿ ಅಲ್ಲ. ಎಫ್‌ಸಿ ಬಾಡಿಗೆ ಗಾಡಿಗಳಿಗೆ. ನಿಮ್ಮದು ಸ್ವಂತ ಬಳಕೆಯದ್ದು, ಅದಕ್ಕೆ 15 ವರ್ಷದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ, ಫಾರ್ಮ್ 25. ಶುಲ್ಕ ಮೊದಲಿನ ಹಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಕಾರು, ಜೀಪಿಗೆ 600 ಇದ್ದದ್ದು 5,000 ಆಯಿತು, 2025ರಲ್ಲಿ 20 ವರ್ಷ ದಾಟಿದವಕ್ಕೆ 10,000. ತಡ ಮಾಡಿದ್ದಕ್ಕೆ ತಿಂಗಳ ಲೆಕ್ಕದಲ್ಲಿ ಬೇರೆ, ಹಸಿರು ತೆರಿಗೆ ಬೇರೆ. ನಿಮ್ಮ ಗಾಡಿ ವಾಹನ್‌ಗೆ ಹತ್ತಿದ ಮೇಲೆ ಪೂರ್ತಿ ಮೊತ್ತ ಅದೇ ತೋರಿಸುತ್ತದೆ. ಅದನ್ನು ನೋಡಿ, ಜೀಪಿನ ಬೆಲೆಗೂ ತಾಳೆ ಹಾಕಿ, ಆಮೇಲೆ ಮುಂದುವರಿಯಬೇಕೋ ಬೇಡವೋ ತೀರ್ಮಾನ ಮಾಡಿ. ಅಪ್ಪನ ಗಾಡಿ ಅನ್ನುವ ಪ್ರೀತಿಗೆ ನಾನು ಲೆಕ್ಕ ಹೇಳುವುದಿಲ್ಲ.

ಅರ್ಜಿ ಆನ್‌ಲೈನ್‌ನಲ್ಲಿ ಹೋದ ಮೇಲೆ ಸಕಾಲ ನಂಬರು ಸಿಕ್ಕಿದೆಯಾ ನೋಡಿ. ಸಕಾಲ ಅಂದರೆ ಇಂಥ ಸೇವೆ ಇಷ್ಟು ದಿನದೊಳಗೆ ಕೊಡಲೇಬೇಕು ಅನ್ನುವ ರಾಜ್ಯದ ವ್ಯವಸ್ಥೆ, 2012ರಿಂದ ಇದೆ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ನೀವು ಪರಿಹಾರ ಕೇಳಬಹುದು. 500 ರೂಪಾಯಿ ದೊಡ್ಡದಲ್ಲ, ಆದರೆ ಅದು ಆ ನೌಕರರ ಹೆಸರಿನ ಮುಂದೆ ಬರುತ್ತದೆ, ಅದಕ್ಕೇ ಎಲ್ಲರೂ ಹೆದರುವುದು.

ಆರ್‌ಟಿಐ ಕೊನೆಗೆ. ಮೊದಲ ದಿನವೇ ಆರ್‌ಟಿಐ ಹಾಕಿದರೆ ಎಲ್ಲರೂ ಕಡತ ಬಿಟ್ಟು ಉತ್ತರ ಬರೆಯಲು ಕೂರುತ್ತಾರೆ, ನಿಮ್ಮ ಕೆಲಸ ಅಲ್ಲೇ ಇರುತ್ತದೆ. ಎರಡು ತಿಂಗಳು ಕಳೆದರೂ ಚಲನೆ ಇಲ್ಲ ಅಂದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ‘ಯಾಕೆ ತಡ’ ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಉತ್ತರ ಕೊಡಬೇಕಾಗಿಲ್ಲ. ‘ಇಂಥ ಇನ್‌ವರ್ಡ್ ನಂಬರಿನ ಅರ್ಜಿಯ ಟಿಪ್ಪಣಿ ಹಾಳೆಯ ನಕಲು ಕೊಡಿ’ ಅಂತ ಕೇಳಿ. ಯಾವ ದಿನ ಯಾರ ಮೇಜಿಗೆ ಹೋಯಿತು, ಯಾರು ಏನು ಶರಾ ಬರೆದರು, ಎಷ್ಟು ದಿನ ಇಟ್ಟುಕೊಂಡರು, ಎಲ್ಲ ಅದರಲ್ಲಿ ಇರುತ್ತದೆ. 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಇನ್ನು ಕಚೇರಿಯಲ್ಲಿ ಎಷ್ಟು ಜನ, ಯಾರ ಕೆಲಸ ಏನು, ಯಾವ ಡಬ್ಬಿಗೆ ಎಷ್ಟು ದುಡ್ಡು ಬಂತು ಅನ್ನುವುದನ್ನು ಕೇಳಲೇಬೇಕಿಲ್ಲ, ಕಾಯ್ದೆಯ 4(1)(ಬಿ) ಪ್ರಕಾರ ಅವರೇ ಪ್ರಕಟಿಸಬೇಕು. ಆ ಪುಸ್ತಕ ತೋರಿಸಿ ಅಂತ ಕೇಳಿದರೆ ಸಾಕು. ಕಳೆದ ಎಷ್ಟೋ ವರ್ಷದಿಂದ ಅದೇ ಹೆಸರು, ಅದೇ ಪುಟ ಇದ್ದರೆ ಆಶ್ಚರ್ಯಪಡಬೇಡಿ.

ಕೊನೆಗೆ ಇನ್ಸ್‌ಪೆಕ್ಟರ್ ಮುಂದೆ ಗಾಡಿ ತೋರಿಸುವ ದಿನ. ನೋಂದಣಿ ಮುಗಿದ ಜೀಪನ್ನು ಸುಂಟಿಕೊಪ್ಪದಿಂದ ಓಡಿಸಿಕೊಂಡು ಹೋಗಬೇಡಿ, ವಿಮೆಯೂ ಇರುವುದಿಲ್ಲ, ದಾರಿಯಲ್ಲಿ ಏನಾದರೂ ಆದರೆ ತೋಟ ಮಾರಬೇಕಾಗುತ್ತದೆ. ಪಿಕಪ್ ಮೇಲೆ ಏರಿಸಿಕೊಂಡು ಹೋಗಿ. ಹೊರಡುವ ಮುಂಚಿನ ದಿನ ಚಾಸಿ ನಂಬರು ಎಲ್ಲಿದೆ ಅಂತ ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ, ಅಲ್ಲಿನ ಕೆಸರು, ಗ್ರೀಸ್ ಒರೆಸಿ, ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ. ವೈರ್ ಬ್ರಷ್ ಹಾಕಬೇಡಿ, ಅಂಕಿ ಸವೆದರೆ ತಿದ್ದಿದ್ದಾರೆ ಅಂತ ಅನುಮಾನ ಬರುತ್ತದೆ. ಬಿ ಎಕ್ಸ್‌ಟ್ರಾಕ್ಟ್‌ನಲ್ಲಿರುವ ನಂಬರಿನ ಜೊತೆ ಒಂದೊಂದೇ ಅಂಕಿ ನೀವೇ ತಾಳೆ ನೋಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಅಂಕಿ ಹೊಂದದಿದ್ದರೂ ಜೀಪು ಏರಿಸುವ ಮೊದಲು ನನಗೆ ಬರೆಯಿರಿ.